ದಿನಕ್ಕೆ ಐದಾರು ಕಿಲೋಮೀಟರ್ ನಡೆಯೋರು ಎಂಥ ವಾಕಿಂಗ್ ಹಾಲಿಡೇ ಆರಿಸ್ಕೋಬೇಕು?

ಹಕ್ಕಿನೋಟ:
ಎಲ್ರಿಗೂ ನಮಸ್ಕಾರ, ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ನಂಗೆ 54, ನಮ್ಮನೆಯವ್ರಿಗೆ 58. ದಿನಾ ಬೆಳಗ್ಗೆ ಇಬ್ರೂ ಐದಾರು ಕಿಲೋಮೀಟರ್ ನಡೀತೀವಿ, ಆದ್ರೆ ಎಲ್ಲಾ ಸಪಾಟು ರಸ್ತೆ. ಬಸ್ಸಲ್ಲಿ ಕೂತು ದಿನಕ್ಕೊಂದು ಊರು ನೋಡೋ ಟೂರ್ ಸಾಕಾಗಿದೆ, ಈ ಸಲ ಒಂದು ವಾರ ಬರೀ ನಡ್ಕೊಂಡೇ ಒಂದು ಜಾಗ ನೋಡೋಣ ಅಂತ ಆಸೆ. ಒಂದು ಕಂಪನಿ ಬ್ರೋಷರಲ್ಲಿ ಆಲ್ಪ್ಸ್‌ನ ಟೂರ್ ಡು ಮಾಂಟ್ ಬ್ಲಾಂಕ್ ನೋಡಿದ್ವಿ, 'ಮಾಡರೇಟ್, ದಿನಕ್ಕೆ ಸುಮಾರು 15 ಕಿಲೋಮೀಟರ್' ಅಂತ ಇತ್ತು. 15 ತಾನೇ, ಎರಡು ತಿಂಗ್ಳು ಪ್ರಾಕ್ಟೀಸ್ ಮಾಡಿದ್ರೆ ಆಗತ್ತೆ ಅಂತಾರೆ ಇವ್ರು, ನಂಗೆ ಧೈರ್ಯ ಬರ್ತಿಲ್ಲ. ಇವ್ರಿಗೆ ಮೆಟ್ಲು ಇಳಿಯುವಾಗ ಬಲಗಾಲಿನ ಮಂಡಿ ನೋಯತ್ತೆ, ಹತ್ತುವಾಗ ಏನೂ ಇಲ್ಲ. ಇನ್ನೊಂದು ವಿಷ್ಯ, ನಂಗೆ ಹಕ್ಕಿ ಹುಚ್ಚು, ಬೈನಾಕ್ಯುಲರ್ ಇಲ್ದೆ ಹೊರಗೆ ಕಾಲಿಡಲ್ಲ, ಇವ್ರಿಗೆ ಹಳೇ ಕೋಟೆ, ಪಾಳು ಗೋಡೆ ಅಂದ್ರೆ ಪ್ರಾಣ. ಇಬ್ರಿಗೂ ಹೊಂದೋ ಥರ ಹೇಗೆ ಆರಿಸ್ಕೊಳ್ಳೋದು? ಹೋಗಿ ಬಂದೋರು ದಯವಿಟ್ಟು ಹೇಳಿ.

ಹಳೇಬೂಟು:
ಮೇಡಂ, ನಿಮ್ಮ ಅನುಮಾನ ಸರಿಯಾಗೇ ಇದೆ. ಕಿಲೋಮೀಟರ್ ಆಮೇಲೆ ನೋಡಿ, ಮೊದ್ಲು ದಿನಕ್ಕೆ ಎಷ್ಟು ಮೀಟರ್ ಹತ್ತಬೇಕು, ಎಷ್ಟು ಇಳೀಬೇಕು ಅಂತ ನೋಡಿ. ಬರೆದಿಲ್ಲ ಅಂದ್ರೆ ಮೇಲ್ ಹಾಕಿ ಕೇಳಿ, ಸರಿಯಾಗಿ ಹೇಳದಿದ್ರೆ ಆ ಕಂಪನೀನೇ ಬಿಟ್ಬಿಡಿ. 'ಮಾಡರೇಟ್' ಅನ್ನೋದಕ್ಕೆ ಒಂದೇ ಅಳತೆ ಅಂತ ಇಲ್ಲ, ಒಬ್ಬರ ಮಾಡರೇಟ್ ಇನ್ನೊಬ್ಬರ ಹತ್ರ ಕಷ್ಟದ್ದು.

ನೀವು ಹೇಳಿದ ರೂಟ್ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ಕಡೆ ಸುತ್ತಿ ಬರತ್ತೆ, ಒಟ್ಟು ಸುಮಾರು 170 ಕಿಲೋಮೀಟರ್, ಅದ್ರಲ್ಲಿ ಹತ್ತೋದೇ ಒಟ್ಟು 10,000 ಮೀಟರ್ ಹತ್ರ ಬರತ್ತೆ. ಜನ ಸಾಮಾನ್ಯವಾಗಿ ಹತ್ತು ಹನ್ನೊಂದು ದಿನ ತಗೋತಾರೆ, ಅಂದ್ರೆ ದಿನಕ್ಕೆ 900 ಮೀಟರ್‌ಗೂ ಜಾಸ್ತಿ ಹತ್ತಿ ಅಷ್ಟೇ ಇಳೀಬೇಕು. ವಾರದ ಪ್ಯಾಕೇಜಲ್ಲಿ ಅರ್ಧ ಮಾಡ್ಸಿದ್ರೂ ದಿನದ ಲೆಕ್ಕ ಹೆಚ್ಚುಕಮ್ಮಿ ಅದೇ.

ಮನೇಲೇ ಕೂತು ಲೆಕ್ಕ ಹಾಕೋಕೆ ಒಂದು ಹಳೇ ಸೂತ್ರ ಇದೆ, 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನೋ ಪರ್ವತಾರೋಹಿ ಹೇಳಿದ್ದು. ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಅದ್ರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 15 ಕಿಲೋಮೀಟರ್‌ಗೆ ಮೂರು ಗಂಟೆ, 900 ಮೀಟರ್‌ಗೆ ಒಂದೂವರೆ, ನಾಲ್ಕೂವರೆ ಆಯ್ತು. ಆದ್ರೆ ಇದು ಪಳಗಿದ ಕಾಲಿನ ಲೆಕ್ಕ, ನಿಲ್ಲೋದು, ಕೂರೋದು, ನೀರು ಕುಡಿಯೋದು ಯಾವ್ದೂ ಇದ್ರಲ್ಲಿ ಸೇರಿಲ್ಲ, ನಾನಂತೂ ಯಾವಾಗ್ಲೂ ಒಂದೂವರೆ ಪಟ್ಟು ಮಾಡ್ಕೋತೀನಿ. ಹತ್ರ ಹತ್ರ ಏಳು ಗಂಟೆ ಕಾಲ ಮೇಲೆ, ಮಾರನೇ ದಿನ ಮತ್ತೆ ಅಷ್ಟೇ.

ಹಾಗಂತ ಬೆಟ್ಟ ಬಿಟ್ಟು ಸಮುದ್ರ ತೀರಕ್ಕೆ ಹೋದ್ರೆ ಸುಲಭ ಅಂತಲೂ ಅಂದ್ಕೋಬೇಡಿ. ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ 1,014 ಕಿಲೋಮೀಟರ್, ಪೂರ್ತಿ ನಡೆದ್ರೆ ಏರು ಒಟ್ಟು ಸುಮಾರು 35,000 ಮೀಟರ್. ಪ್ರತಿ ಹಳ್ಳಕ್ಕೂ ಇಳ್ದು ಮತ್ತೆ ಹತ್ತಬೇಕು.

ಇಳಿಜಾರು:
ಮಂಡಿ ವಿಷ್ಯ ನಾನು ಹೇಳ್ತೀನಿ, ನಂದೂ ಅದೇ ಕಥೆ. ಇಳಿಯುವಾಗ ತೊಡೆ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೀಬೇಕು, ಹೆಜ್ಜೆ ಹೆಜ್ಜೆಗೂ ಬ್ರೇಕ್ ಹಾಕ್ದಂಗೆ. ಅದ್ರ ನೋವು ಅವತ್ತೇ ಗೊತ್ತಾಗಲ್ಲ, ಒಂದು ದಿನ ಬಿಟ್ಟು ಹಿಡ್ಕೊಳ್ಳತ್ತೆ. ನನ್ನ ಮೊದಲ್ನೇ ಟ್ರಿಪ್ಪಲ್ಲಿ ಮೊದಲ ದಿನ ಖುಷಿಯಾಗಿ 800 ಮೀಟರ್ ಇಳಿದೆ, ಎರಡನೇ ಬೆಳಗ್ಗೆ ಲಾಡ್ಜಿನ ಮೆಟ್ಲನ್ನ ಕಂಬಿ ಹಿಡ್ಕೊಂಡು ಅಡ್ಡಡ್ಡ ಇಳಿದೆ, ಮೂರನೇ ದಿನ ರೂಮಲ್ಲೇ. ಹೆಬ್ಬೆರಳಿನ ಉಗುರು ಬೂಟಿನ ತುದಿಗೆ ತಾಗಿ ತಾಗಿ ಕಪ್ಪಾಗಿತ್ತು, ಹೊಸ ಉಗುರು ಬರೋಕೆ ತಿಂಗಳುಗಟ್ಟಲೆ ಆಯ್ತು. ಸರ್‌ಗೆ ಮೊದ್ಲು ಫಿಸಿಯೋ ಹತ್ರ ತೋರ್ಸಿ, ಆಮೇಲೆ ಬುಕಿಂಗ್. ಕೋಲು ಎರಡೂ ಕೈಗೆ ಬೇಕು, ಇಳಿಯುವಾಗ ಸ್ವಲ್ಪ ಉದ್ದ ಮಾಡ್ಕೋಬೇಕು. ಹೊರಡೋ ಹಿಂದಿನ ದಿನ ಉಗುರು ಕತ್ತರಿಸ್ಕೊಳ್ಳಿ, ಇಳಿಜಾರಿಗೆ ಮುಂಚೆ ಲೇಸ್ ಬಿಗಿ ಮಾಡಿ ಹಿಮ್ಮಡಿ ಹಿಂದಕ್ಕೆ ಕೂರೋ ಹಾಗೆ ಕಟ್ಟಿ.

ಬೆಟ್ಟಾನೂ ಬೇಕು ಇಳಿಜಾರು ಬೇಡ ಅಂದ್ರೆ ಪೋರ್ಚುಗಲ್‌ನ ಮಡೈರಾ ದ್ವೀಪ ನೋಡಿ. ಅಲ್ಲಿ ಬೆಟ್ಟದ ಮೈಗುಂಟ ಲೆವಾಡ ಅಂತ ನೀರಿನ ಕಾಲುವೆಗಳಿವೆ, ನೀರು ಮೆಲ್ಲಗೆ ಹರೀಲಿ ಅಂತ ಕಟ್ಟಿರೋದ್ರಿಂದ ಪಕ್ಕದ ದಾರೀನೂ ಹೆಚ್ಚುಕಮ್ಮಿ ಸಪಾಟು. ಆದ್ರೆ ಕೆಲವು ಕಡೆ ದಾರಿ ತುಂಬಾ ಕಿರಿದು, ಒಂದು ಪಕ್ಕ ಪ್ರಪಾತ, ನಡುವೆ ಸುರಂಗ ಬಂದ್ರೆ ಟಾರ್ಚ್ ಬೇಕು, ಎತ್ತರದ ಭಯ ಇರೋರಿಗೆ ಅಂಥ ಲೆವಾಡ ಆಗಲ್ಲ.

ಸಂಜೆಗಾಳಿ:
ಅಕ್ಕ, ನಾನೂ ಹಕ್ಕಿ ನೋಡೋಳು, ಅದಕ್ಕೇ ಬರೀತಿದೀನಿ. ಒಂದ್ಸಲ ಹದಿನಾಲ್ಕು ಜನರ ಗ್ರೂಪಲ್ಲಿ ಹೋದೆ, ಲೀಡರ್ ಒಳ್ಳೆಯವ್ರೇ, ಆದ್ರೆ ಪೊದೇಲಿ ಏನೋ ಅಲುಗಾಡ್ತು ಅಂತ ನಾನು ನಿಂತ್ರೆ ಗ್ರೂಪ್ ಆಗ್ಲೇ ತಿರುವು ದಾಟಿರೋದು, ಪಾಪ ಕೊನೇಲಿರೋರು ನಂಗೋಸ್ಕರ ಕಾಯ್ತಾ ನಿಲ್ಲೋರು. ಮೂರನೇ ದಿನದಿಂದ ಬೈನಾಕ್ಯುಲರ್ ಬ್ಯಾಗಿಂದ ಹೊರಗೇ ತೆಗೀಲಿಲ್ಲ, ಈಗ್ಲೂ ಅದು ನೆನೆಸ್ಕೊಂಡ್ರೆ ಸಂಕಟ ಆಗತ್ತೆ. ಹಕ್ಕಿ ಸಿಗೋದು ನಸುಕಲ್ಲಿ, ಗ್ರೂಪ್ ಹೊರಡೋದು ತಿಂಡಿ ಆದ್ಮೇಲೆ. ಹಕ್ಕಿ ನೋಡ್ತಾ ನಡೆದ್ರೆ ಗಂಟೆಗೆ ಒಂದೆರಡು ಕಿಲೋಮೀಟರ್ ದಾಟೋದೇ ಹೆಚ್ಚು, ಹಾಗಾಗಿ ನಿಮ್ಗೆ ದಿನಕ್ಕೆ ಏಳೆಂಟು ಕಿಲೋಮೀಟರ್ ಇದ್ರೆ ದಿನ ತುಂಬಿ ಹೋಗತ್ತೆ.

ದಿನಾ ಊರು ಬದಲಾಯಿಸೋದು ಬೇಡ, ಒಂದೇ ಕಡೆ ಉಳ್ಕೊಂಡು ದಿನಕ್ಕೊಂದು ದಾರಿ ಹಿಡೀರಿ, ಮಂಡಿ ನೋವು ಬಂದ ದಿನ ಅವ್ರು ರೆಸ್ಟ್ ಮಾಡ್ಬಹುದು, ನೀವು ಹೋಗ್ಬಹುದು. ನಿಮ್ಮಿಬ್ರಿಗೂ ನಂಗೆ ತಟ್ಟನೆ ಹೊಳೆದಿದ್ದು ಉತ್ತರ ಇಂಗ್ಲೆಂಡಿನ ಹೇಡ್ರಿಯನ್ ಗೋಡೆ. ಕ್ರಿಸ್ತಶಕ 122ರಲ್ಲಿ ರೋಮನ್ನರು ಕಟ್ಟೋಕೆ ಶುರು ಮಾಡಿದ್ದು, ಅದ್ರ ಗುಂಟ 135 ಕಿಲೋಮೀಟರ್ ಕಾಲ್ದಾರಿ ಇದೆ, ಪೂರ್ತಿ ನಡೀಲೇಬೇಕು ಅಂತೇನಿಲ್ಲ. ನಡುಭಾಗದಲ್ಲಿ ಹೌಸ್‌ಸ್ಟೆಡ್ಸ್ ಕೋಟೆ ಹತ್ರ ಗೋಡೆ ಬಂಡೆಗಳ ಮೇಲೇ ಹತ್ತಿ ಇಳಿಯತ್ತೆ, ಅಲ್ಲಿ ತುಂಡು ತುಂಡಾಗಿ ನಡೀರಿ. ಪಶ್ಚಿಮದ ತುದಿ ಪೂರಾ ಸಪಾಟು, ಸಾಲ್ವೇ ಅಳಿವೆಗೆ ಸೇರತ್ತೆ, ಅಕ್ಟೋಬರ್ ಹೊತ್ತಿಗೆ ಅಲ್ಲಿಗೆ ದೂರದ ಸ್ವಾಲ್ಬಾರ್ಡ್‌ನಿಂದ ಬಾರ್ನಕಲ್ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯತ್ವೆ.

ಹಕ್ಕಿನೋಟ:
ಹೆಬ್ಬಾತು ಅಂದಿದ್ದೇ ತಡ, ನಂದು ಆಗ್ಲೇ ಡಿಸೈಡ್ ಆಯ್ತು! ಇವ್ರೂ ಓದಿದ್ರು, ಮೊದ್ಲು ಫಿಸಿಯೋ ಹತ್ರ ಹೋಗೋಣ ಅಂದ್ರು. ನಮ್ಮ ಕಾಲು ರೆಡಿ ಇದೆ ಅಂತ ಹೊರಡೋ ಮುಂಚೆ ಹೇಗೆ ಗೊತ್ತಾಗತ್ತೆ?

ಹಳೇಬೂಟು:
ಶನಿವಾರ, ಭಾನುವಾರ ಎರಡೂ ದಿನ, ಅಲ್ಲಿಗೆ ಹಾಕೋ ಅದೇ ಬೂಟು, ಅದೇ ಬ್ಯಾಗು, ಏರಿಳಿತ ಇರೋ ದಾರೀಲಿ 10-12 ಕಿಲೋಮೀಟರ್ ನಡೀರಿ. ಸೋಮವಾರ, ಮಂಗಳವಾರ ಬೆಳಗ್ಗೆ ಸರ್ ಮೆಟ್ಲು ಹೇಗಿಳೀತಾರೆ ನೋಡಿ. ಆರಾಮಾಗಿ ಇಳಿದ್ರೆ ಬುಕ್ ಮಾಡಿ, ಹಿಡ್ಕೊಂಡ್ರೆ ದಿನದ ಕಿಲೋಮೀಟರ್ ಕಮ್ಮಿ ಮಾಡಿ ಇನ್ನೊಂದು ವಾರ ಟ್ರೈ ಮಾಡಿ. ಅಕ್ಟೋಬರ್ ಅಂದ್ರೆ ಅಲ್ಲಿ ಹಗಲು ಚಿಕ್ಕದು, ಮಳೇನೂ ಇರತ್ತೆ, ಒಳ್ಳೇ ರೇನ್‌ಕೋಟ್ ಮರೀಬೇಡಿ.