ನಾಲ್ಕು-ಐದನೇ ತರಗತಿಗೆ ಆನ್‌ಲೈನ್ ಸಾಧನಗಳು: ಬಳಸಿದವರು ದಯವಿಟ್ಟು ಅನುಭವ ತಿಳಿಸಿ

ಕೇಳಿದವರು: ಕೊಪ್ಪಳದ ಶಿಕ್ಷಕಿ

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗಳಿಗೆ ಗಣಿತ, ಕನ್ನಡ ಬೋಧಿಸುತ್ತೇನೆ. ಎರಡೂ ಸೇರಿ 41 ಮಕ್ಕಳಿದ್ದಾರೆ. ದಾನಿಗಳು ಕೊಟ್ಟ ಒಂದು ಟಿ.ವಿ. ಮತ್ತು ನನ್ನ ಸ್ವಂತ ಮೊಬೈಲ್ ಬಿಟ್ಟರೆ ಬೇರೆ ಉಪಕರಣವಿಲ್ಲ. ಮಧ್ಯಾಹ್ನದ ನಂತರ ನೆಟ್‌ವರ್ಕ್ ಸಿಗುವುದಿಲ್ಲ. ಭಿನ್ನರಾಶಿ ಅರ್ಥವಾಗದವರಿಗೂ ಓದುವಾಗ ತಡವರಿಸುವವರಿಗೂ ನೆರವಾಗುವಂಥದ್ದನ್ನು ತರಗತಿಯಲ್ಲಿ ನಿಜವಾಗಿ ಬಳಸಿ ನೋಡಿದವರು ಹೇಳಿದರೆ ಉಪಕಾರವಾಗುತ್ತದೆ.

ಹಾಸನದ ಮುಖ್ಯಶಿಕ್ಷಕ

ಸಾಧನದ ಹೆಸರು ಕೇಳುವ ಮೊದಲು ಖರ್ಚಿನ ಲೆಕ್ಕ ಕೇಳಿ. ನಮ್ಮಲ್ಲಿ ಹಳೆಯ ವಿದ್ಯಾರ್ಥಿಗಳಿಂದ ಹಣ ಕೂಡಿಸಿ 31,500 ರೂಪಾಯಿಗೆ ಪ್ರೊಜೆಕ್ಟರ್ ತಂದೆವು. ಹೆಂಚಿನ ಮಾಡಿನ ಕೋಣೆಗೆ ಬೆಳಕು ನಾಲ್ಕೂ ಕಡೆಯಿಂದ ಬರುತ್ತದೆ. ಕಪ್ಪು ಬಟ್ಟೆಯ ಪರದೆ, ಕಂಬಿ, ಹೊಲಿಗೆ ಎಲ್ಲ ಸೇರಿ 4,200. ಗೋಡೆಯಿಂದ ಮೇಜಿನವರೆಗೆ ಉದ್ದದ ಕೇಬಲ್ 1,150, ಅದೂ ಒಂದು ವರ್ಷದೊಳಗೆ ಮಡಿಕೆಯಲ್ಲಿ ತುಂಡಾಯಿತು. ಮಳೆಗಾಲದ ವೋಲ್ಟೇಜ್ ಏರಿಳಿತಕ್ಕೆ ಪ್ರೊಜೆಕ್ಟರಿನ ದೀಪ ಹೋಯಿತು, ಹೊಸ ದೀಪಕ್ಕೆ 7,400. ಆಮೇಲೆ ಯುಪಿಎಸ್ ಬ್ಯಾಟರಿ 11,200. ಇದರ ಜೊತೆಗೆ ಖಾಸಗಿ ಕಂಪನಿಯೊಂದರಿಂದ ಐದು ತರಗತಿಗಳ ಪಾಠಗಳಿರುವ ತಂತ್ರಾಂಶವನ್ನು ಕೊಂಡಿದ್ದೆವು. ಅದರ ಪರವಾನಗಿ ಒಂದೇ ಕಂಪ್ಯೂಟರಿಗೆ ಬಿಗಿದಿತ್ತೆಂಬುದು ಹಾರ್ಡ್ ಡಿಸ್ಕ್ ಕೆಟ್ಟ ದಿನವೇ ತಿಳಿದದ್ದು. ಮತ್ತೆ ಪೂರ್ತಿ ಹಣ ಕೊಟ್ಟರೆ ಮಾತ್ರ ತಂತ್ರಾಂಶ ತೆರೆಯುವ ಹೊಸ ಕೀಲಿ ಸಂಖ್ಯೆ ಎಂದರು. ಊರಿನವರ ಬೆವರಿನ ಹಣ ಅದು.

ಇಷ್ಟಾದರೂ ಪ್ರೊಜೆಕ್ಟರ್ ತಂದದ್ದು ಸರಿಯೆಂದೇ ಹೇಳುತ್ತೇನೆ. ಪರದೆಯ ಮೇಲೆ ಮಾಡಿ ನೋಡುವ, ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಪ್ರಯೋಗಗಳು ಉಚಿತ, ಕೆಲವು ಕನ್ನಡದಲ್ಲೂ ಇವೆ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಅದರ ಭಿನ್ನರಾಶಿಯ ಭಾಗದಲ್ಲಿ ವೃತ್ತವನ್ನು ಎಷ್ಟು ಭಾಗ ಮಾಡಬೇಕೆಂದು ಛೇದದ ಬಾಣ ಒತ್ತಿದಾಗ ತುಂಡುಗಳು ಕಣ್ಣೆದುರೇ ಸಣ್ಣದಾಗುತ್ತವೆ. ಎಂಟು ದೊಡ್ಡ ಸಂಖ್ಯೆ, ಆದ್ದರಿಂದ ಎಂಟನೇ ಒಂದು ಭಾಗ ನಾಲ್ಕನೇ ಒಂದು ಭಾಗಕ್ಕಿಂತ ದೊಡ್ಡದು ಎಂದು ವಾದಿಸುತ್ತಿದ್ದ ಹುಡುಗ ಅದನ್ನು ನೋಡಿದ ಮೇಲೆ ಆ ಮಾತೆತ್ತಲಿಲ್ಲ.

ಯಾದಗಿರಿಯ ಸಹಶಿಕ್ಷಕಿ

ಮೇಲಿನವರು ಅರ್ಧ ಲಕ್ಷಕ್ಕೂ ಮಿಕ್ಕಿದ ಲೆಕ್ಕ ಕೊಟ್ಟು ಹೊಸಬರನ್ನು ಹೆದರಿಸುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಪೂರ್ತಿ ಖರ್ಚು ಮುದ್ರಣಕ್ಕೆ ಕೊಟ್ಟ 240 ರೂಪಾಯಿ. ಪ್ಲಿಕರ್ಸ್ ಎಂಬ ರಸಪ್ರಶ್ನೆ ಆ್ಯಪಿನಲ್ಲಿ ಮಕ್ಕಳ ಕೈಯಲ್ಲಿ ಯಾವ ಉಪಕರಣವೂ ಬೇಕಾಗಿಲ್ಲ, ಒಂದೊಂದು ಕಾಗದದ ಕಾರ್ಡ್ ಸಾಕು. ಕಾರ್ಡಿನ ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ ಎಂದು ಸಣ್ಣ ಅಕ್ಷರಗಳಿರುತ್ತವೆ. ತನ್ನ ಉತ್ತರದ ಅಕ್ಷರ ಮೇಲಕ್ಕೆ ಬರುವಂತೆ ಮಗು ಹಿಡಿಯುತ್ತದೆ, ನಾನು ಮೊಬೈಲ್ ಕ್ಯಾಮೆರಾವನ್ನು ತರಗತಿಯ ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸುತ್ತೇನೆ, ಯಾರು ಏನು ಹೇಳಿದರೆಂಬುದು ಹೆಸರಿನ ಸಮೇತ ಬರುತ್ತದೆ. ಪ್ರತಿ ಕಾರ್ಡಿನ ಆಕಾರ ಬೇರೆಯಾದ್ದರಿಂದ ಪಕ್ಕದವರನ್ನು ನೋಡಿ ನಕಲು ಮಾಡಲಾಗದು. ಕೈ ಎತ್ತಲು ಹೆದರುವ ಮಕ್ಕಳ ಉತ್ತರ ನನಗೆ ಮೊದಲ ಬಾರಿಗೆ ತಿಳಿದದ್ದು ಹೀಗೆ.

ಒಂದು ಎಚ್ಚರಿಕೆ ಹೇಳಬೇಕು. ಕಾರ್ಡು ಬಾಳಿಕೆ ಬರಲೆಂದು ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಕಿಟಕಿಯ ಬೆಳಕು ಅದರ ಮೇಲೆ ಮಿಂಚಿ ಕ್ಯಾಮೆರಾ ಓದುವುದಿಲ್ಲ. ಹೊಳಪಿಲ್ಲದ ದಪ್ಪ ಕಾಗದವೇ ಸರಿ. ಬೆರಳು ಕಪ್ಪು ಭಾಗದ ಮೇಲೆ ಬಂದರೂ ಓದುವುದಿಲ್ಲ, ಅಂಚನ್ನು ಹಿಡಿಯುವುದನ್ನು ಮೊದಲೇ ಅಭ್ಯಾಸ ಮಾಡಿಸಬೇಕು. ಪ್ರಶ್ನೆಗಳನ್ನು ಎಲ್ಲ ಫೋನ್, ಕಂಪ್ಯೂಟರ್‌ಗಳಲ್ಲೂ ಓದಬರುವ ಯುನಿಕೋಡ್ ಅಕ್ಷರಗಳಲ್ಲೇ ಬರೆಯಿರಿ. ಹಳೆಯ ಫಾಂಟ್‌ನಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆಯಿಂದ ನಕಲಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ.

ಹೆಗ್ಗಡದೇವನಕೋಟೆಯ ನಲಿಕಲಿ ಶಿಕ್ಷಕಿ

ಇಬ್ಬರೂ ಉಪಕರಣವನ್ನೇ ಹೊಗಳುತ್ತಿದ್ದೀರಿ. ಆಡುತ್ತ ಕಲಿಯುವ ನಲಿಕಲಿ ಪದ್ಧತಿ 1995ರಲ್ಲಿ ಹುಟ್ಟಿದ್ದು ನಮ್ಮ ತಾಲ್ಲೂಕಿನಲ್ಲಿ, ಯಾವ ಪರದೆಯೂ ಇಲ್ಲದೆ. ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಕಲಿಕಾ ಏಣಿ, ಅದರ ಒಂದೊಂದು ಹಂತವಾದ ಮೈಲುಗಲ್ಲು, ಕಾರ್ಡು, ಮಕ್ಕಳ ಕೆಲಸವನ್ನು ತೂಗುಹಾಕುವ ತಲೆಯ ಮೇಲಿನ ಚಪ್ಪರ, ಇಷ್ಟರಲ್ಲಿ ಪ್ರತಿ ಮಗು ತನ್ನ ವೇಗದಲ್ಲಿ ಏರುತ್ತದೆ. ಸ್ವಕಲಿಕೆಯ ತಟ್ಟೆಗೆ, ಅಂದರೆ ತಾನೇ ಕಲಿಯುವವರ ಗುಂಪಿಗೆ, ಬಂದ ಮಗುವಿಗೆ ತಾನೆಲ್ಲಿದ್ದೇನೆ, ಮುಂದೇನು ಎಂಬುದು ಯಾರ ನೆರವೂ ಇಲ್ಲದೆ ತಿಳಿಯುತ್ತದೆ. ಮೂರನೇ ತರಗತಿಯವರೆಗೆ ಹಾಗೆ ಬೆಳೆದ ಮಕ್ಕಳನ್ನು ನಾಲ್ಕನೆಯದರಲ್ಲಿ ಸಾಲಾಗಿ ಕೂರಿಸಿ ಟಿ.ವಿ. ನೋಡಿ ಎಂದರೆ ಅದು ಹಿಂದಕ್ಕೆ ಹೋದಂತೆ.

ಕೊರೊನಾ ಕಾಲವನ್ನು ಇಷ್ಟು ಬೇಗ ಮರೆತಿರಾ? 2020ರ ಜೂನ್‌ನಲ್ಲಿ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು, ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಕಲಿಸುವ ವಿದ್ಯಾಗಮ ಬಂತು, ಅಕ್ಟೋಬರ್‌ನಲ್ಲಿ ನಿಂತಿತು. ಈ ನಡುವೆ ಮನೆಯಲ್ಲಿ ಫೋನ್ ಇಲ್ಲದ, ಕಾಡಂಚಿನ ಬುಡಕಟ್ಟು ಹಾಡಿಯ ಮಕ್ಕಳನ್ನು ಹುಡುಕಿಕೊಂಡು ನಡೆದವರು ನಾವು. ಮರದ ಕೆಳಗೆ ಕೂತು ಕಾರ್ಡ್ ಹಿಡಿದು ಕಲಿಸಿದ್ದೇ ಆ ಮಕ್ಕಳಿಗೆ ಉಳಿಯಿತು.

ಹಾಸನದ ಮುಖ್ಯಶಿಕ್ಷಕ

ಕೊರೊನಾ ಕಾಲದಲ್ಲಿ ನಾವೂ ಬಿಸಿಲಿನಲ್ಲಿ ತಿರುಗಿದ್ದೇವೆ, ಆ ಹಕ್ಕು ನಿಮಗೊಬ್ಬರಿಗೇ ಇಲ್ಲ. ಮನೆಯಲ್ಲಿ ಕೂತು ಫೋನ್ ನೋಡುವುದಕ್ಕೂ ತರಗತಿಯಲ್ಲಿ ಶಿಕ್ಷಕರ ಮುಂದೆ ಹತ್ತು ನಿಮಿಷ ಒಂದು ಪ್ರಯೋಗ ನೋಡಿ ಅದರ ಬಗ್ಗೆ ಮಾತನಾಡುವುದಕ್ಕೂ ವ್ಯತ್ಯಾಸವಿದೆ. ನಲಿಕಲಿಯ ಕಾರ್ಡುಗಳು ಹರಿದುಹೋದ ಮೇಲೆ ಹೊಸವು ಬರಲು ಎಷ್ಟು ಕಾಯುತ್ತೀರಿ ಎಂಬುದನ್ನೂ ಬರೆಯಿರಿ.

ಹೆಗ್ಗಡದೇವನಕೋಟೆಯ ನಲಿಕಲಿ ಶಿಕ್ಷಕಿ

ಕಾಯುವುದಿಲ್ಲ, ಹಳೆಯ ಮದುವೆ ಕರೆಯೋಲೆಗಳ ಹಿಂಬದಿಯಲ್ಲಿ ನಾವೇ ಬರೆದುಕೊಳ್ಳುತ್ತೇವೆ. ನಿಮ್ಮ ಕಂಪನಿಯ ಕೀಲಿಯನ್ನು ಹಾಗೆ ಬರೆದುಕೊಳ್ಳಲು ಬರುವುದಿಲ್ಲ.

ಕಾಸರಗೋಡಿನ ಕನ್ನಡ ಮಾಧ್ಯಮ ಶಿಕ್ಷಕ

ಗಡಿಯಾಚೆಯ ಅನುಭವವನ್ನೂ ಕೇಳಿ. ಕೇರಳದಲ್ಲಿ 2019ರಿಂದ ಪ್ರಾಥಮಿಕ ಶಾಲೆಗಳಿಗೂ ಹೈಟೆಕ್ ಲ್ಯಾಬ್ ಯೋಜನೆಯಡಿ ಲ್ಯಾಪ್‌ಟಾಪ್, ಪ್ರೊಜೆಕ್ಟರ್‌ಗಳು ಬಂದವು, ಅವುಗಳಲ್ಲಿ ಇರುವುದು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ. ಪರವಾನಗಿಯ ಹಣ ಇಲ್ಲ, ಕೀಲಿಯ ಗೊಡವೆ ಇಲ್ಲ. ಜಿಕಾಂಪ್ರಿ ಎಂಬ ಮಕ್ಕಳ ತಂತ್ರಾಂಶ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ಮೌಸ್ ಹಿಡಿಯಲು ಬಾರದ ಮಗುವಿನಿಂದ ಹಿಡಿದು ಕೂಡುವ ಕಳೆಯುವ ಲೆಕ್ಕದವರೆಗೆ ಅದರಲ್ಲಿ ಆಟಗಳಿವೆ. ನನ್ನ ನೋವು ಬೇರೆ: ತರಬೇತಿಯಾಗಲಿ ಹೊಸ ಸಾಮಗ್ರಿಯಾಗಲಿ ಮೊದಲು ಬರುವುದು ಮಲಯಾಳದಲ್ಲಿ, ಕನ್ನಡ ಮಾಧ್ಯಮದ ಮಕ್ಕಳಿಗೆ ನಾವೇ ರಾತ್ರಿ ಕೂತು ಅನುವಾದ ಮಾಡಿಕೊಳ್ಳಬೇಕು. ಕನ್ನಡದಲ್ಲಿ ಇಷ್ಟೆಲ್ಲ ಸಿದ್ಧವಾಗಿ ದೊರೆಯುವ ನಾಡಿನಲ್ಲಿದ್ದುಕೊಂಡು ನೀವು ಪರಸ್ಪರ ಜಗಳವಾಡುತ್ತಿರುವುದನ್ನು ಓದಿ ಸಂಕಟವಾಯಿತು.

ಯಾದಗಿರಿಯ ಸಹಶಿಕ್ಷಕಿ

ಸಿದ್ಧವಾಗಿ ದೊರೆಯುತ್ತದೆ ಎನ್ನುವವರು ನಮ್ಮ ಕಡೆ ಒಂದು ವಾರ ಇದ್ದು ನೋಡಲಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಪಾಠ ಇರುತ್ತದೆ, ಆದರೆ ಶಾಲೆಯಲ್ಲಿ ಅದನ್ನು ತೆರೆಯಲು ಸಿಗ್ನಲ್ ಬೇಡವೇ? ಹಿಂದಿನ ದಿನ ಮನೆಯಲ್ಲೇ ಆ್ಯಪಿಗೆ ಇಳಿಸಿಕೊಂಡು ಬರುತ್ತೇನೆ, ಆ ಡೇಟಾದ ಹಣ ನನ್ನದು, ತುಂಬಿಹೋಗುವ ಫೋನೂ ನನ್ನದು. ನಿಮಗೆ ಸರ್ಕಾರ ಲ್ಯಾಪ್‌ಟಾಪ್ ಕೊಟ್ಟಿದೆ.

ಶಿವಮೊಗ್ಗದ ಶಿಕ್ಷಕ, ಸಣ್ಣ ಶಾಲೆ

ಓದಿನ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ನಾಲ್ಕು ಓದಿನ ಹಂತಗಳಲ್ಲಿ ಸಿಗುತ್ತವೆ, ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿ ಹಂಚಲು ಯಾರ ಅಪ್ಪಣೆಯೂ ಬೇಡ. ಐದನೇ ತರಗತಿಯವರೆಂದು ನಾಲ್ಕನೇ ಹಂತದ್ದನ್ನೇ ಕೊಡಬೇಡಿ. ತಡವರಿಸುವ ಮಗುವಿಗೆ ಪುಟಕ್ಕೆ ಒಂದೆರಡು ಸಾಲಿನ ಮೊದಲ ಹಂತದ ಕಥೆ ಕೊಟ್ಟರೆ ಅದು ಪುಸ್ತಕ ಮುಗಿಸಿದ ಸಂತೋಷದಲ್ಲಿ ಇನ್ನೊಂದನ್ನು ಕೇಳುತ್ತದೆ. ನಮ್ಮ ಪಟ್ಟಣದಲ್ಲಿ ಬಣ್ಣದ ಮುದ್ರಣ ಪುಟಕ್ಕೆ ಹತ್ತು ರೂಪಾಯಿ, ಕಪ್ಪು-ಬಿಳುಪು ಎರಡು ರೂಪಾಯಿ. ಬಣ್ಣದಲ್ಲಿ ತೆಗೆಸಿದ ಕಥೆಗಳಿಗೆ ನನ್ನ ಕೈಯಿಂದ 1,860 ಹೋಯಿತು. ಈಗ ಕಪ್ಪು-ಬಿಳುಪಿನಲ್ಲಿ ತೆಗೆಸಿ ಮಕ್ಕಳಿಂದಲೇ ಬಣ್ಣ ಹಾಕಿಸುತ್ತೇನೆ, ಟಿ.ವಿ.ಯಲ್ಲಿ ಬಣ್ಣದ ಚಿತ್ರ ತೋರಿಸುತ್ತೇನೆ.

ಇನ್ನೊಂದು ವಿಷಯವನ್ನು ಖಂಡಿತವಾಗಿ ಹೇಳಬೇಕಾಗಿದೆ. ಮಕ್ಕಳು ಓದುವ ವಿಡಿಯೊ ತೆಗೆದು ಗುಂಪುಗಳಿಗೆ, ಯೂಟ್ಯೂಬ್‌ಗೆ ಹಾಕುವ ಚಟ ನಮ್ಮಲ್ಲಿ ಹಬ್ಬಿದೆ. ನೆರೆಯ ಶಾಲೆಯಲ್ಲಿ ತೊದಲುವ ಹುಡುಗಿಯೊಬ್ಬಳ ವಿಡಿಯೊ ಊರೆಲ್ಲ ಹರಿದಾಡಿ ಅವಳು ಶಾಲೆಗೆ ಬರುವುದನ್ನೇ ಬಿಟ್ಟಿದ್ದಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಹದಿನೆಂಟು ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದಿದೆ. ಮಕ್ಕಳ ಹೆಸರು ಸಮೇತ ಫಲಿತಾಂಶ ಬರುತ್ತದೆಂದು ಹೆಮ್ಮೆಪಡುವವರೂ ಇದನ್ನು ಯೋಚಿಸಬೇಕು.

ಯಾದಗಿರಿಯ ಸಹಶಿಕ್ಷಕಿ

ನನ್ನತ್ತ ಬೆರಳು ತೋರಿಸಬೇಡಿ. ನಾನು ಒಂದೇ ಒಂದು ವಿಡಿಯೊ ಎಲ್ಲಿಗೂ ಹಾಕಿದವಳಲ್ಲ. ಆ್ಯಪಿನಲ್ಲಿ ಮಕ್ಕಳ ಪೂರ್ಣ ಹೆಸರು ಬರೆಯಲೇಬೇಕೆಂಬ ನಿಯಮವೂ ಇಲ್ಲ. ಕಾರ್ಡಿನ ಸಂಖ್ಯೆಯನ್ನೇ ಹಾಕಿಕೊಂಡು, ಯಾರ ಸಂಖ್ಯೆ ಯಾವುದೆಂಬುದನ್ನು ನನ್ನ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು, ನಾಳೆಯಿಂದಲೇ ಹಾಗೆ ಮಾಡುತ್ತೇನೆ.

ಕೊಪ್ಪಳದ ಅಕ್ಕನವರಿಗೆ: ಪ್ಲಿಕರ್ಸ್‌ನ ಸಾಮಾನ್ಯ ಕಂತೆಯಲ್ಲಿ ಇರುವುದು 40 ಕಾರ್ಡುಗಳು, ನಿಮ್ಮಲ್ಲಿ 41 ಮಕ್ಕಳು. 63 ಕಾರ್ಡುಗಳ ದೊಡ್ಡ ಕಂತೆ ಅದೇ ಜಾಲತಾಣದಲ್ಲಿದೆ, ಅದನ್ನು ಮುದ್ರಿಸಿಕೊಳ್ಳಿ. ನೆಟ್‌ವರ್ಕ್ ಬೆಳಿಗ್ಗೆ ಮಾತ್ರ ಇರುವುದಾದರೆ ಗಣಿತವನ್ನು ಮೊದಲ ಅವಧಿಗೆ ಹಾಕಿಸಿಕೊಳ್ಳಿ. ಓದನ್ನು ಮಧ್ಯಾಹ್ನಕ್ಕೆ ಬಿಡಿ, ಮುದ್ರಿಸಿದ ಕಥೆಗೆ ಸಿಗ್ನಲ್ ಬೇಕಾಗಿಲ್ಲ.

ಹೆಗ್ಗಡದೇವನಕೋಟೆಯ ನಲಿಕಲಿ ಶಿಕ್ಷಕಿ

ಕೊನೆಗೆ ಇವರೂ ಕಾಗದಕ್ಕೇ ಬಂದರು. ಆ ಕಾರ್ಡುಗಳ ಹಿಂಬದಿ ಖಾಲಿ ಇರುತ್ತದಾದರೆ ಅಲ್ಲಿ ಭಿನ್ನರಾಶಿಯ ಚಿತ್ರ ಬರೆಸಿ, ಮಕ್ಕಳು ಜೋಡಿಯಾಗಿ ಕೂತು ಹೋಲಿಸಲು ಆಗುತ್ತದೆ.

ಯಾದಗಿರಿಯ ಸಹಶಿಕ್ಷಕಿ

ಬೇಡ. ಹಿಂಬದಿಯ ಶಾಯಿ ಮುಂದಕ್ಕೆ ಇಣುಕಿದರೆ ಕ್ಯಾಮೆರಾ ತಪ್ಪು ಓದಬಹುದು. ಭಿನ್ನರಾಶಿಗೆ ನಿಮ್ಮ ಕರೆಯೋಲೆಗಳೇ ಇರಲಿ.