ಬೇಗ ಒಣಗುವ ಹಗುರ ಟವೆಲ್ ಬಗ್ಗೆ ಬಳಸಿದವರು ಹೇಳಿ

ಪ್ರಶ್ನೆ

ಒಂದೇ ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಕೆಲವು ವಾರ ಸುತ್ತಬೇಕು ಅಂತಿದ್ದೇನೆ. ಮಧ್ಯೆ ಚಾರಣ ಇದೆ, ಟೆಂಟಿನಲ್ಲಿ ಮಲಗುವುದೂ ಇದೆ. ಮನೆಯಲ್ಲಿರುವ ದಪ್ಪ ಹತ್ತಿ ಟವೆಲ್ ಮಡಚಿ ಇಟ್ಟರೆ ಬ್ಯಾಗಿನಲ್ಲಿ ಬೇರೆ ಸಾಮಾನಿಗೆ ಜಾಗವೇ ಇರುವುದಿಲ್ಲ, ಒದ್ದೆಯಾದರೆ ಮರುದಿನಕ್ಕೂ ಒಣಗುವುದಿಲ್ಲ. ಮೈಕ್ರೋಫೈಬರ್ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜವಾಗಿ ಮೈ ಒರೆಸುತ್ತದಾ? ಎಷ್ಟು ದೊಡ್ಡದು ಬೇಕು? ವಾಸನೆ ಹಿಡಿಯುತ್ತದೆ ಅಂತಲೂ ಕೇಳಿದ್ದೇನೆ. ದಯವಿಟ್ಟು ನಿಮ್ಮ ಅನುಭವ ಹೇಳಿ.

ಉತ್ತರ

ಒರೆಸುತ್ತದೆ, ಆದರೆ ಒರೆಸುವ ರೀತಿ ಬೇರೆ. ಮನೆಯ ಟವೆಲ್ ಹಾಗೆ ಗಸಗಸ ಉಜ್ಜಿದರೆ ನೀರು ಮೈಮೇಲೆ ಅತ್ತಿಂದಿತ್ತ ಹೋಗುತ್ತದೆ ಅಷ್ಟೇ. ಇದನ್ನು ಒತ್ತಬೇಕು. ಭುಜದ ಮೇಲೆ ಹರವಿಕೊಳ್ಳಿ, ಅಂಗೈಯಿಂದ ಒತ್ತಿ, ಒಂದು ಕ್ಷಣ ಬಿಟ್ಟು ಎತ್ತಿ. ಆ ಜಾಗ ಒಣಗಿರುತ್ತದೆ. ಇನ್ನೊಂದು ವಿಷಯ, ಟವೆಲ್ ಮುಟ್ಟುವ ಮೊದಲು ಕೈಯಿಂದಲೇ ತೋಳು, ಎದೆ, ಕಾಲಿನ ನೀರನ್ನೆಲ್ಲ ಕೆಳಕ್ಕೆ ಸವರಿ ಇಳಿಸಿಬಿಡಿ, ಕೂದಲನ್ನೂ ಚೆನ್ನಾಗಿ ಹಿಂಡಿಕೊಳ್ಳಿ. ಎಷ್ಟೋ ನೀರು ಅಲ್ಲೇ ಹೋಗುತ್ತದೆ, ಆಮೇಲೆ ಚಿಕ್ಕ ಟವೆಲ್ಲೇ ಸಾಕಾಗುತ್ತದೆ.

ಯಾಕೆ ಬೇಗ ಒಣಗುತ್ತದೆ ಅಂತ ಗೊತ್ತಿದ್ದರೆ ಅಂಗಡಿಯಲ್ಲಿ ಆರಿಸುವುದು ಸುಲಭ. ಹತ್ತಿಯ ನಾರು ನೀರನ್ನು ತನ್ನೊಳಗೇ ಕುಡಿಯುತ್ತದೆ. ಸುಮ್ನೆ ಕೋಣೆಯಲ್ಲಿ ಇಟ್ಟ ಹತ್ತಿ ಬಟ್ಟೆ ಕೂಡ, ಗಾಳಿಯ ತೇವ ಶೇಕಡಾ 65 ಇದ್ದರೆ, ತನ್ನ ಒಣ ತೂಕದ ಶೇಕಡಾ 7ರಿಂದ 8ರಷ್ಟು ನೀರು ಹಿಡಿದುಕೊಂಡಿರುತ್ತದೆ. ನೈಲಾನ್ ಸುಮಾರು 4. ಪಾಲಿಯೆಸ್ಟರ್ ಶೇಕಡಾ ಅರ್ಧಕ್ಕಿಂತಲೂ ಕಮ್ಮಿ. ಮೈಕ್ರೋಫೈಬರ್ ಟವೆಲ್ಲಿನ ಚೀಟಿ ನೋಡಿ, ಹೆಚ್ಚಿನವುಗಳಲ್ಲಿ 80 ಪಾಲು ಪಾಲಿಯೆಸ್ಟರ್, 20 ಪಾಲು ಪಾಲಿಅಮೈಡ್ ಅಂತ ಇರುತ್ತದೆ. ಪಾಲಿಅಮೈಡ್ ಅಂದರೆ ನೈಲಾನೇ. ಎಳೆ ಎಷ್ಟು ಸಣ್ಣ ಅಂದರೆ 9000 ಮೀಟರ್ ಉದ್ದದ ಒಂದು ಎಳೆ ಒಂದು ಗ್ರಾಂ ಕೂಡ ತೂಗುವುದಿಲ್ಲ. ಎಳೆಯೊಳಗೆ ನೀರು ಅಷ್ಟಾಗಿ ಹೋಗುವುದಿಲ್ಲ, ಎಳೆ ಎಳೆಗಳ ನಡುವಿನ ಸಣ್ಣ ಸಂದಿಗಳಲ್ಲಿ ನಿಲ್ಲುತ್ತದೆ. ಅದಕ್ಕೇ ಹಿಂಡಿದರೆ ಬಹುಪಾಲು ಹೊರಗೆ ಬಂದುಬಿಡುತ್ತದೆ.

ಹಾಗಾಗಿ ನನ್ನ ಪ್ರಕಾರ ನೋಡಬೇಕಾದ್ದು ಒಂದೇ: ಹಿಂಡಿದ ಮೇಲೆ ಟವೆಲ್ಲಿನಲ್ಲಿ ಎಷ್ಟು ನೀರು ಉಳಿಯುತ್ತದೆ. ಪೊಟ್ಟಣದ ಮೇಲೆ "ತೂಕದ ನಾಲ್ಕು ಪಟ್ಟು ನೀರು ಹೀರುತ್ತದೆ" ಅಂತೆಲ್ಲ ಬರೆದಿರುತ್ತಾರಲ್ಲ, ಅದು ಪೂರ್ತಿ ನೆನೆಸಿದಾಗಿನ ಮಾತು. ಜಾಸ್ತಿ ಹೀರುವುದು ಒಳ್ಳೆಯದೇ, ಆದರೆ ಹೀರಿದ್ದನ್ನು ಬಿಡಬೇಕು ಅಲ್ವಾ.

ಇದನ್ನು ಹೊರಡುವ ಮೊದಲು ಮನೆಯಲ್ಲೇ ನೋಡಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಹೊಸ ಟವೆಲ್ ಮೊದಲು ಒಗೆದು ಒಣಗಿಸಿ ತೂಕ ಬರೆದಿಡಿ. ಬಕೆಟ್ಟಿನಲ್ಲಿ ಮುಳುಗಿಸಿ ಎತ್ತಿ, ಕೈಲಾದಷ್ಟು ಗಟ್ಟಿಯಾಗಿ ಹಿಂಡಿ, ಮತ್ತೆ ತೂಗಿ. ಒಂದು ಗ್ರಾಂ ಜಾಸ್ತಿ ಅಂದರೆ ಒಂದು ಮಿಲಿಲೀಟರ್ ನೀರು. ಆಮೇಲೆ ನೆರಳಲ್ಲಿ, ಫ್ಯಾನ್ ಹಾಕದೆ, ಹಗ್ಗದ ಮೇಲೆ ಹರವಿ ಗಂಟೆಗೊಮ್ಮೆ ತೂಗುತ್ತಾ ಹೋಗಿ. ಪಕ್ಕದಲ್ಲೇ ಮನೆಯ ಹತ್ತಿ ಟವೆಲ್ಲನ್ನೂ ಅದೇ ರೀತಿ ಹಿಂಡಿ ಹರವಿ. ಬಿಸಿಲಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಬಿಸಿಲು ಗಾಳಿ ಎರಡೂ ಇದ್ದರೆ ಎಲ್ಲ ಟವೆಲ್ಲೂ ಒಣಗುತ್ತದೆ, ವ್ಯತ್ಯಾಸ ಗೊತ್ತಾಗುವುದಿಲ್ಲ. ನಾನು ಹೀಗೆ ನೋಡಿದಾಗ ನುಣುಪಾದ ಮೈಕ್ರೋಫೈಬರ್ ಸಂಜೆಯೊಳಗೆ ಒಣ ತೂಕಕ್ಕೆ ವಾಪಸ್ ಬಂದಿತ್ತು, ದಪ್ಪ ಹತ್ತಿಯದು ಮರುದಿನ ಬೆಳಿಗ್ಗೆಯೂ ಬಂದಿರಲಿಲ್ಲ.

ತೂಕ ಹಾಕಿದಾಗ ಇನ್ನೊಂದು ಸಂಗತಿ ಕಾಣಿಸಿತು. ಕೈಯಿಂದ ಮುಟ್ಟಿದರೆ ಟವೆಲ್ಲಿನ ನಡುಭಾಗ ಪೂರ್ತಿ ಒಣಗಿದ ಹಾಗಿತ್ತು, ತಕ್ಕಡಿ ಮಾತ್ರ ಇನ್ನೂ ಕೆಲವು ಗ್ರಾಂ ಜಾಸ್ತಿ ತೋರಿಸುತ್ತಿತ್ತು. ಆ ನೀರೆಲ್ಲ ಅಂಚಿನ ಹೊಲಿಗೆಯಲ್ಲಿ, ಮೂಲೆಯ ನೇತುಹಾಕುವ ಪಟ್ಟಿಯಲ್ಲಿ, ಕಂಪನಿ ಹೆಸರಿನ ಚೀಟಿಯ ಹಿಂದೆ ಕೂತಿತ್ತು. ಬಟ್ಟೆ ಮಡಚಿ ಎರಡು ಮೂರು ಪದರ ಹೊಲಿದ ಕಡೆ ಗಾಳಿ ಆಡುವುದಿಲ್ಲ. ವಾಸನೆ ಶುರುವಾಗುವುದೂ ಅಲ್ಲಿಂದಲೇ. ತಗೊಳ್ಳುವಾಗ ಅಂಚು ತೆಳುವಾಗಿ ಹೊಲಿದಿರುವುದನ್ನು ನೋಡಿ ತಗೊಳ್ಳಿ, ಚೀಟಿಯನ್ನು ಕತ್ತರಿಸಿ ತೆಗೆದುಬಿಡಿ.

ಇನ್ನೊಬ್ಬರು

ತೂಕದ ಲೆಕ್ಕಕ್ಕೆ ಇನ್ನೊಂದು ಸೇರಿಸುತ್ತೇನೆ. ಟವೆಲ್ಲಿನ ಮೇಲೆ ಜಿಎಸ್ಎಂ ಬರೆದಿರುತ್ತದೆ, ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅಂತ. ಮನೆಯ ಸ್ನಾನದ ಟವೆಲ್ 400ರಿಂದ 600, ಪ್ರಯಾಣದ ಮೈಕ್ರೋಫೈಬರ್ 200ರ ಆಸುಪಾಸು. 70 × 140 ಸೆಂ.ಮೀ. ಟವೆಲ್ ಅಂದರೆ ಹೆಚ್ಚುಕಮ್ಮಿ ಒಂದು ಚದರ ಮೀಟರ್. 500 ಜಿಎಸ್ಎಂ ಆದರೆ ಅರ್ಧ ಕಿಲೋ, 200 ಆದರೆ 200 ಗ್ರಾಂ. ಅದೇ 200 ಜಿಎಸ್ಎಂ ಬಟ್ಟೆಯಲ್ಲಿ 50 × 100 ತಗೊಂಡರೆ 100 ಗ್ರಾಂ, 40 × 80 ತಗೊಂಡರೆ 64 ಗ್ರಾಂ. ಒದ್ದೆಯಾದಾಗ ಈ ವ್ಯತ್ಯಾಸ ಇನ್ನೂ ಜಾಸ್ತಿ ಆಗುತ್ತದೆ, ಯಾಕೆಂದರೆ ದೊಡ್ಡ ಟವೆಲ್ ದೊಡ್ಡದಾಗಿಯೇ ನೀರು ಹೊರುತ್ತದೆ.

ನನ್ನ ಅಭಿಪ್ರಾಯ 50 × 100. ಮೈಗೆಲ್ಲ ಸಾಕು. ಚಿಕ್ಕದು ಅನ್ನಿಸಿದರೆ ಮಧ್ಯದಲ್ಲಿ ಒಂದು ಸಲ ಹಿಂಡಿ ಮತ್ತೆ ಒರೆಸಿಕೊಳ್ಳಿ, ಇದೇ ಈ ಬಟ್ಟೆಯ ದೊಡ್ಡ ಅನುಕೂಲ, ಹಿಂಡಿದ ಕೂಡಲೇ ಮತ್ತೆ ಹೀರುತ್ತದೆ. ಆದರೆ ಬಚ್ಚಲು ಒಂದು ಕಡೆ, ಮಲಗುವ ಕೋಣೆ ಇನ್ನೊಂದು ಕಡೆ ಇರುವ ಜಾಗದಲ್ಲಿ ತಂಗುವುದಾದರೆ ಸುತ್ತಿಕೊಂಡು ನಡೆಯಲು ಇದು ಸಾಲದು. ಆಗ 75 × 130ಕ್ಕೆ ಹೋಗಿ, ಅಥವಾ ಬಟ್ಟೆ ಬಚ್ಚಲಿಗೇ ಒಯ್ಯಿರಿ. ನಾನು ಎರಡನೆಯದು ಮಾಡುತ್ತೇನೆ.

ಬಗೆಯೂ ಮುಖ್ಯ. ನುಣುಪಾಗಿ ಸ್ವೇಡ್ ಚರ್ಮದ ಹಾಗಿರುವುದು ಅತಿ ಚಿಕ್ಕದಾಗಿ ಮಡಚುತ್ತದೆ, ಮರಳು ಹಿಡಿಯುವುದಿಲ್ಲ, ಒಣಗಿದ ಮೇಲೆ ಕೊಡವಿದರೆ ಉದುರಿಹೋಗುತ್ತದೆ. ಆದರೆ ಒದ್ದೆ ಮೈಗೆ ಅಂಟಿಕೊಂಡ ಹಾಗಾಗುತ್ತದೆ, ಕೆಲವರಿಗೆ ಅದು ಹಿಡಿಸುವುದಿಲ್ಲ. ಸಣ್ಣ ಸಣ್ಣ ಕುಣಿಕೆ ಇರುವ ಟೆರ್ರಿ ಬಗೆಯದು ಮನೆಯ ಟವೆಲ್ಲಿಗೆ ಹತ್ತಿರ, ಮೆತ್ತಗಿದೆ, ಆದರೆ ದಪ್ಪ, ಒಣಗುವುದು ನಿಧಾನ, ಮರಳನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಚೌಕುಳಿ ಚೌಕುಳಿ ಗುಳಿ ಇರುವ ವ್ಯಾಫಲ್ ನೇಯ್ಗೆಯದು ಇವೆರಡರ ನಡುವೆ. ನನಗೆ ಅದೇ ಇಷ್ಟ.

ಉದ್ದ ಕೂದಲಿದ್ದರೆ ಮಾತ್ರ ಕೂದಲಿಗೇ ಅಂತ ಒಂದು ಪುಟ್ಟ ಟೆರ್ರಿ ಬೇರೆ ಇಟ್ಟುಕೊಳ್ಳಿ. ನುಣುಪಿನದು ಕೂದಲಿಗೆ ಅಷ್ಟಕ್ಕಷ್ಟೇ.

ಮತ್ತೊಬ್ಬರು

ನಾನು ಮೈಕ್ರೋಫೈಬರ್ ಬಿಟ್ಟು ತೆಳು ನೇಯ್ಗೆಯ ಹತ್ತಿ ಟವೆಲ್ಲಿಗೆ ವಾಪಸ್ ಬಂದವಳು. ಕಾರಣ ಚರ್ಮ. ಚಳಿಯಲ್ಲಿ ನನ್ನ ಬೆರಳ ತುದಿ, ಹಿಮ್ಮಡಿ ಒಡೆಯುತ್ತವೆ. ಮೈಕ್ರೋಫೈಬರಿನ ಸಣ್ಣ ಎಳೆಗಳು ಆ ಒಡಕಿಗೆ ಸಿಕ್ಕಿಕೊಂಡು ಚರಚರ ಎಳೆಯುತ್ತವೆ, ಮಡಚುವಾಗಲೂ ಕೈ ಜುಮ್ಮೆನ್ನುತ್ತದೆ. ನಿಮಗೂ ಒಣ ಚರ್ಮ ಇದ್ದರೆ ಕೊಳ್ಳುವ ಮೊದಲು ಬಟ್ಟೆಯನ್ನು ಬೆರಳ ತುದಿಯಿಂದ ಸವರಿ ನೋಡಿ.

ಹತ್ತಿ ಒಣಗುವುದಿಲ್ಲ ಅನ್ನುವುದು ದಪ್ಪ ಹತ್ತಿಯ ಮಾತು. ಕುಣಿಕೆ ಇಲ್ಲದ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳು ಹತ್ತಿ ಬಟ್ಟೆ ಬೇಗನೇ ಒಣಗುತ್ತದೆ. ಮೈಕ್ರೋಫೈಬರಿನಷ್ಟು ಬೇಗ ಅಲ್ಲ, ನಿಜ. ಆದರೆ ಅದನ್ನೇ ಬಿಸಿಲಿಗೆ ತಲೆಗೆ ಸುತ್ತಬಹುದು, ಕುತ್ತಿಗೆಗೆ ಹಾಕಿಕೊಳ್ಳಬಹುದು, ತಣ್ಣಗಿನ ರಾತ್ರಿ ಹೊದೆಯಬಹುದು, ಸುತ್ತಿಕೊಂಡು ಬಟ್ಟೆ ಬದಲಾಯಿಸಬಹುದು. ಲಿನೆನ್ ಕೂಡ ಚೆನ್ನಾಗಿರುತ್ತದೆ, ಮೊದಮೊದಲು ಸ್ವಲ್ಪ ಒರಟು, ಒಗೆಯುತ್ತಾ ಮೆತ್ತಗಾಗುತ್ತದೆ.

ಪಾಲಿಯೆಸ್ಟರ್ ಒಗೆದಾಗಲೆಲ್ಲ ಸಣ್ಣ ಪ್ಲಾಸ್ಟಿಕ್ ಎಳೆಗಳು ನೀರಿಗೆ ಹೋಗುತ್ತವೆ ಅನ್ನುವುದನ್ನೂ ನೆನಪಿಡಿ. ಚಾರಣದಲ್ಲಿ ಹೊಳೆಯಲ್ಲೇ ಟವೆಲ್ ತೊಳೆಯುವವರನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಹತ್ತಿಯಾದರೂ ಅಷ್ಟೇ, ಸೋಪು ಹೊಳೆಗೆ ಬಿಡಬೇಡಿ, ನೀರು ಎತ್ತಿಕೊಂಡು ದೂರ ಹೋಗಿ ತೊಳೆಯಿರಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಚರ್ಮದ ತೊಂದರೆ ನನಗಿಲ್ಲ, ಹಾಗಾಗಿ ವ್ಯಾಫಲ್ ಬಗೆಯ 50 × 100 ನೋಡುತ್ತೇನೆ. ಎರಡು ಸಂದೇಹ ಉಳಿದಿವೆ. ವಾಸನೆಗೆ ಏನು ಮಾಡುತ್ತೀರಿ? ಟೆಂಟಿನೊಳಗೆ ರಾತ್ರಿ ಒಣಗುತ್ತದಾ?

ಮೊದಲು ತೂಕದ ಬಗ್ಗೆ ಬರೆದವರು

ವಾಸನೆ ಹಿಡಿಯುವುದು ನಿಜ. ಪಾಲಿಯೆಸ್ಟರಿಗೆ ನೀರು ಬೇಡ, ಆದರೆ ಎಣ್ಣೆ ಅಂದರೆ ಬಿಡುವುದಿಲ್ಲ. ಮೈಯ ಜಿಡ್ಡು ಎಳೆಗೆ ಅಂಟಿಕೊಂಡು ಕೂರುತ್ತದೆ, ಜೊತೆಗೆ ತೇವ ಇದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಮುಗ್ಗಲು ವಾಸನೆ ಬರುತ್ತದೆ. ಬರೀ ನೀರಿನಲ್ಲಿ ಜಾಲಾಡಿಸಿದರೆ ಜಿಡ್ಡು ಹೋಗುವುದಿಲ್ಲ, ಆಗಾಗ ಸೋಪು ಹಾಕಲೇಬೇಕು. ಸ್ನಾನದಲ್ಲಿ ಮೈಗೆ ಸೋಪು ಸರಿಯಾಗಿ ಹಚ್ಚಿ ತೊಳೆದುಕೊಂಡರೆ ಟವೆಲ್ ಎಷ್ಟೋ ದಿನ ತಡೆಯುತ್ತದೆ. ಬೆಳ್ಳಿ ಲೇಪನ ಇರುವ ಟವೆಲ್ ಸಿಗುತ್ತವೆ, ವಾಸನೆ ತಡವಾಗಿ ಶುರುವಾಗುತ್ತದೆ, ಆದರೆ ಒಗೆಯುತ್ತಾ ಆ ಗುಣ ಕಡಿಮೆಯಾಗುತ್ತದೆ. ಅದಕ್ಕೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ವಾಸನೆ ಹಿಡಿದೇ ಬಿಟ್ಟರೆ, ನೀರಿಗೆ ಸ್ವಲ್ಪ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಟ್ಟೆ ಮೆತ್ತಗಾಗಲಿ ಅಂತ ಕೊನೆಯಲ್ಲಿ ಹಾಕುವ ಕಂಡೀಷನರ್ ಮಾತ್ರ ಮುಟ್ಟಲೇಬೇಡಿ. ಅದು ಎಳೆಗಳ ಮೇಲೆ ಮೇಣದಂಥ ಪದರ ಕೂರಿಸುತ್ತದೆ, ಸಂದಿಗಳು ಮುಚ್ಚಿಕೊಳ್ಳುತ್ತವೆ, ಟವೆಲ್ ನೀರು ಹೀರುವುದನ್ನೇ ಬಿಡುತ್ತದೆ. ಬ್ಲೀಚೂ ಬೇಡ, ಇಸ್ತ್ರಿಯೂ ಬೇಡ. ಹತ್ತಿ ಬಟ್ಟೆಯ ಜೊತೆ ಒಗೆದರೆ ಅದರ ನೂಲಿನ ಜೂಲೆಲ್ಲ ಇದಕ್ಕೆ ಅಂಟುತ್ತದೆ.

ಟೆಂಟಿನ ವಿಷಯ. ಒಣಗುವುದಕ್ಕೆ ಬಿಸಿಗಿಂತ ಜಾಸ್ತಿ ಬೇಕಾದ್ದು ಒಣ ಗಾಳಿ, ಅದೂ ಓಡಾಡುವ ಗಾಳಿ. ರಾತ್ರಿ ಟೆಂಟಿನೊಳಗೆ ನಿಮ್ಮ ಉಸಿರಿನ ತೇವವೇ ತುಂಬಿರುತ್ತದೆ, ಬೆಳಿಗ್ಗೆ ಗೋಡೆಯ ಒಳಗಡೆ ಹನಿ ಕಟ್ಟಿರುವುದನ್ನು ನೋಡಿರುತ್ತೀರಿ. ಅಂಥ ಗಾಳಿಯಲ್ಲಿ ಯಾವ ಟವೆಲ್ಲೂ ಒಣಗುವುದಿಲ್ಲ, ಎಷ್ಟೇ ಬೆಲೆಯದಾಗಲಿ. ಹಾಗಾಗಿ ಸ್ನಾನ ಸಾಧ್ಯವಾದಷ್ಟೂ ಮಧ್ಯಾಹ್ನವೇ ಮುಗಿಸಿ, ಕತ್ತಲಾಗುವ ಮೊದಲು ಹೊರಗೆ ಹರವಿ, ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ. ಒಣಗದೆ ಉಳಿದರೆ ಮರುದಿನ ನಡೆಯುವಾಗ ಬ್ಯಾಗಿನ ಹೊರಗೆ ಹಾಕಿಕೊಳ್ಳಿ. ಒಂದೇ ಮೂಲೆಯಲ್ಲಿ ನೇತುಹಾಕಿದರೆ ಗಿಡಗಂಟಿಗೆ ಸಿಕ್ಕಿ ಬಿದ್ದುಹೋಗುತ್ತದೆ, ಎರಡು ಸೇಫ್ಟಿ ಪಿನ್ ಹಾಕಿ ಹರಡಿ ಕಟ್ಟಿ. ಟವೆಲ್ ಜೊತೆ ಬರುವ ಪುಟ್ಟ ಚೀಲದಲ್ಲಿ ಒದ್ದೆ ಟವೆಲ್ ತುರುಕಬೇಡಿ. ಪೂರ್ತಿ ಒಣಗಿದ ಮೇಲೆ ಮಾತ್ರ ಅದು.

ಈಜುವವರೊಬ್ಬರು

ಚುಟುಕಾಗಿ: ಈಜುವವರು ಬಳಸುವ ಪಿವಿಎ ಟವೆಲ್ ಕೂಡ ಇದೆ, ರಬ್ಬರಿನ ಹಾಗಿರುತ್ತದೆ. ನೀರು ಎಳೆಯುವುದರಲ್ಲಿ, ಹಿಂಡಿದರೆ ಬಿಡುವುದರಲ್ಲಿ ತುಂಬಾ ಚೆನ್ನ. ಆದರೆ ಒಣಗಿದರೆ ಹಲಗೆ ಥರ ಸೆಟೆದುಕೊಳ್ಳುತ್ತದೆ, ಒದ್ದೆಯಾಗಿಯೇ ಡಬ್ಬಿಯಲ್ಲಿ ಬಹಳ ದಿನ ಬಿಟ್ಟರೆ ಬೂಷ್ಟು ಬರುತ್ತದೆ. ದಿನಾ ಈಜುವವರಿಗೆ ಸರಿ. ನಿಮ್ಮ ಪ್ರಯಾಣಕ್ಕೆ ಬೇಡ.

ಇನ್ನೊಬ್ಬರು

ಯಾರೂ ಹೇಳದ ಒಂದು ಉಪಯೋಗ. ಪ್ರಯಾಣದಲ್ಲಿ ಒಗೆದ ಬಟ್ಟೆ ರಾತ್ರಿಯೊಳಗೆ ಒಣಗಬೇಕು ಅಂದರೆ ಈ ಟವೆಲ್ ತುಂಬಾ ನೆರವಿಗೆ ಬರುತ್ತದೆ. ಒಣ ಟವೆಲ್ ಹಾಸಿ, ಹಿಂಡಿದ ಅಂಗಿಯನ್ನು ಅದರ ಮೇಲೆ ಹರಡಿ, ಎರಡನ್ನೂ ಸೇರಿಸಿ ಚಾಪೆ ಸುತ್ತುವ ಹಾಗೆ ಸುತ್ತಿ. ಸುರುಳಿಯ ಒಂದು ತುದಿಯನ್ನು ಕಾಲಡಿ ಇಟ್ಟು ಇನ್ನೊಂದು ತುದಿ ತಿರುಚಿ. ಕೈಯಲ್ಲಿ ಹಿಂಡಿದರೆ ಬಾರದ ನೀರೆಲ್ಲ ಟವೆಲ್ಲಿಗೆ ಬರುತ್ತದೆ. ಕಾಲುಚೀಲಕ್ಕೂ ಹೀಗೇ ಮಾಡಬಹುದು. ಆಮೇಲೆ ಟವೆಲ್ ಹಿಂಡಿ ಪಕ್ಕದಲ್ಲೇ ಹಾಕಿ, ಅಂಗಿಗಿಂತ ಮೊದಲು ಅದೇ ಒಣಗಿರುತ್ತದೆ.

ಬೆಂಕಿಯ ಹತ್ತಿರ ಮಾತ್ರ ಒಣಗಿಸಬೇಡಿ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ನೈಲಾನ್‌ನಲ್ಲಿ ಕೆಲವು ಬಗೆ ಅದಕ್ಕೂ ಮೊದಲೇ. ಹಾರಿ ಬಂದ ಒಂದು ಕಿಡಿ ಸಾಕು, ತೂತು ಬೀಳುತ್ತದೆ, ಕರಗಿದ್ದು ಚರ್ಮಕ್ಕೆ ತಾಗಿದರೆ ಅಂಟಿಕೊಂಡು ಸುಡುತ್ತದೆ. ಬಿಸಿ ಪಾತ್ರೆ ಹಿಡಿಯುವುದಕ್ಕೂ ಇದನ್ನು ಬಳಸಬೇಡಿ.

ಕೇಳಿದವರು

ಟವೆಲ್ ತಗೊಂಡೆ. ಒಂದು ಸಲ ಬಳಸಿ ನೋಡಿದರೆ ನೀರು ಹೀರುತ್ತಲೇ ಇಲ್ಲ, ಹನಿಗಳು ಬಟ್ಟೆಯ ಮೇಲೆ ಮುತ್ತಿನ ಹಾಗೆ ನಿಂತಿವೆ. ಕೆಟ್ಟ ಮಾಲು ಇರಬಹುದಾ?

ಮೊದಲು ತೂಕದ ಬಗ್ಗೆ ಬರೆದವರು

ಇಷ್ಟಕ್ಕೇ ಕೆಟ್ಟದ್ದು ಅನ್ನಬೇಡಿ. ಹೊಸ ಬಟ್ಟೆಗೆ ಕಾರ್ಖಾನೆಯಲ್ಲಿ ಹಾಕಿದ ಲೇಪ ಇರುತ್ತದೆ. ಬೆಚ್ಚಗಿನ ನೀರು, ಸಾಮಾನ್ಯ ಸೋಪು ಹಾಕಿ ಎರಡು ಸಲ ಒಗೆಯಿರಿ, ಬೇರೆ ಬಟ್ಟೆ ಜೊತೆ ಸೇರಿಸಬೇಡಿ, ಮೊದಲ ಒಗೆತದಲ್ಲಿ ಬಣ್ಣ ಬಿಡಬಹುದು. ಆಮೇಲೆ ಬಟ್ಟೆಯ ಮೇಲೆ ಒಂದು ಚಮಚ ನೀರು ಹಾಕಿ ನೋಡಿ. ಕೂಡಲೇ ಇಂಗಿ ಅಗಲವಾಗಿ ಹರಡಿದರೆ ಸರಿಯಾಯಿತು, ತೂಕದ ಪರೀಕ್ಷೆ ಆಗ ಮಾಡಿ. ಆಗಲೂ ಹನಿ ಹಾಗೇ ನಿಂತರೆ ಅಂಗಡಿಗೆ ವಾಪಸ್ ಕೊಡಿ.