ವಸತಿ ಪ್ರದೇಶದ ಪಕ್ಕದ ಡೀಸೆಲ್ ಜನರೇಟರ್: ಎತ್ತರದ ಗೋಡೆ ಕಟ್ಟಿದರೆ ಸದ್ದು ಅಡಗೀತೇ?

ಪ್ರಶ್ನೆ

ನಮಸ್ಕಾರ. ನಾನು ನಿರ್ವಹಿಸುವ ಕಟ್ಟಡದಲ್ಲಿ ತಲಾ 1000 ಕೆವಿಎ ಸಾಮರ್ಥ್ಯದ ಎರಡು ಡೀಸೆಲ್ ಜನರೇಟರುಗಳಿವೆ. ಎರಡೂ ಹನ್ನೆರಡು ಸಿಲಿಂಡರಿನವು, ನಿಮಿಷಕ್ಕೆ 1500 ಸುತ್ತು ತಿರುಗುವಂಥವು. ಅವು ಕಾಂಕ್ರೀಟ್ ಕೋಣೆಯೊಳಗೇ ಇದ್ದರೂ ರೇಡಿಯೇಟರಿನ ಬಿಸಿಗಾಳಿ ಹೊರಹೋಗುವ ಕಿಂಡಿ ಮನೆಗಳತ್ತ ತೆರೆದುಕೊಂಡಿದೆ, ಹೊಗೆ ಕೊಳವೆಗಳ ಬಾಯಿ ನೆಲದಿಂದ ಸುಮಾರು 7 ಮೀಟರ್ ಎತ್ತರದಲ್ಲಿದೆ. ಒಂದೇ ಯಂತ್ರ ಪೂರ್ಣ ಹೊರೆಯಲ್ಲಿ ಓಡುತ್ತಿದ್ದಾಗ, 35 ಮೀಟರ್ ದೂರದ ಮನೆಯೊಂದರ ಎರಡನೇ ಮಹಡಿಯ ಕಿಟಕಿಯ ಹೊರಗೆ 67 ಡೆಸಿಬಲ್ (ಎ) ದಾಖಲಾಯಿತು. ಕೋಣೆಯ ಗೋಡೆಗಳಿಗೆ ಫೋಮ್ ಹಾಳೆ ಅಂಟಿಸಿದ ಮೇಲೆ ಒಳಗೆ ನಿಂತವರಿಗೆ ತುಸು ಹಿತವೆನಿಸಿತೇ ಹೊರತು ನೆರೆಯವರಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಈಗ ಗಡಿಯಲ್ಲಿ 4 ಮೀಟರ್ ಎತ್ತರದ ಗೋಡೆ ಕಟ್ಟಿಸುವ ಪ್ರಸ್ತಾವವಿದೆ. ಹಣ ಮಂಜೂರಾಗುವ ಮೊದಲು ಬಲ್ಲವರ ಅಭಿಪ್ರಾಯ ಬೇಕಿತ್ತು.

ಮೊದಲ ಉತ್ತರ

ಗೋಡೆಯ ಮಾತನ್ನು ಸದ್ಯಕ್ಕೆ ಬದಿಗಿಡಿ. ಶಬ್ದದ ಮೂಲಕ್ಕೂ ಕೇಳುವವರ ಕಿವಿಗೂ ನಡುವಿನ ನೇರ ದೃಷ್ಟಿರೇಖೆಯನ್ನು ಕಡಿದಾಗ ಮಾತ್ರ ತಡೆಗೋಡೆ ಕೆಲಸ ಮಾಡುತ್ತದೆ. ನಿಮ್ಮ ಹೊಗೆ ಕೊಳವೆಯ ಬಾಯಿ 7 ಮೀಟರ್ ಎತ್ತರದಲ್ಲಿದೆ, ಕಿಟಕಿ ಎರಡನೇ ಮಹಡಿಯಲ್ಲಿದೆ. 4 ಮೀಟರ್ ಗೋಡೆ ಇವೆರಡರ ನಡುವೆ ಬರುವುದೇ ಇಲ್ಲ.

ಆವರ್ತನದ ಲೆಕ್ಕವನ್ನೂ ನೋಡಿ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುವುದರಿಂದ, ಸೆಕೆಂಡಿಗೆ 25 ಸುತ್ತು ತಿರುಗುವ ಹನ್ನೆರಡು ಸಿಲಿಂಡರಿನ ಯಂತ್ರದಲ್ಲಿ ಸೆಕೆಂಡಿಗೆ 150 ಸ್ಫೋಟಗಳಾಗುತ್ತವೆ. ಸಿಲಿಂಡರುಗಳು ಆರಾರರಂತೆ ನಿಂತ ಎರಡು ಸಾಲುಗಳಿಗೂ ಬೇರೆ ಬೇರೆ ಕೊಳವೆ ಇದ್ದರೆ ಒಂದೊಂದರಿಂದಲೂ 75 ಹರ್ಟ್ಸ್ ಸದ್ದು ಹೊರಡುತ್ತದೆ. ಅದರ ತರಂಗಾಂತರ ಸುಮಾರು 4.6 ಮೀಟರ್, ಅಂದರೆ ನಿಮ್ಮ ಗೋಡೆಯ ಎತ್ತರಕ್ಕಿಂತಲೂ ಹೆಚ್ಚು. ಇಂಥ ತರಂಗ ಗೋಡೆಯ ತಲೆಯ ಮೇಲಿಂದ ಸಲೀಸಾಗಿ ಬಾಗಿ ಆಚೆಗೆ ಇಳಿಯುತ್ತದೆ. ಎರಡು ಅಂಗುಲದ ಫೋಮ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲ್ಲದೆ ಎಣ್ಣೆಯ ಆವಿ ಕುಡಿದ ಫೋಮ್ ಬೆಂಕಿಗೆ ಆಹ್ವಾನವಿದ್ದಂತೆ. ಅದನ್ನು ಕಿತ್ತು, ರಂಧ್ರವಿರುವ ತಗಡಿನ ಹಿಂದೆ ಬೆಂಕಿ ಹಿಡಿಯದ ಕಲ್ಲಿನ ಉಣ್ಣೆ, ಅಂದರೆ ರಾಕ್‌ವೂಲ್ ತುಂಬುವುದು ಲೇಸು.

ಡೆಸಿಬಲ್ಲುಗಳು ಕೂಡುವ ರೀತಿ ಹಲವರನ್ನು ದಾರಿ ತಪ್ಪಿಸುತ್ತದೆ. ಆ 67ರಲ್ಲಿ ಹೊಗೆ ಕೊಳವೆಯ ಪಾಲು 66, ರೇಡಿಯೇಟರ್ ಫ್ಯಾನಿನದು 60 ಎಂದಿಟ್ಟುಕೊಳ್ಳಿ. ಫ್ಯಾನನ್ನು ಸಂಪೂರ್ಣ ಮೌನವಾಗಿಸಿದರೂ ಸಿಗುವ ಇಳಿಕೆ ಒಂದೇ ಡೆಸಿಬಲ್. ಕೊಳವೆಯನ್ನು ಹಿಡಿದರೆ ಏಳು. ಆದ್ದರಿಂದ ಯಾವ ದಾರಿಯ ಪಾಲು ಎಷ್ಟೆಂದು ತಿಳಿಯದೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಅದೇ ಕಿಟಕಿಯ ಬಳಿ ಎ ತೂಕ (ಕಿವಿಯಂತೆ ತಗ್ಗು ಸದ್ದನ್ನು ಕಡಿಮೆ ಎಣಿಸುವ ಮಾಪನ) ಮತ್ತು ಸಿ ತೂಕ (ತಗ್ಗು ಸದ್ದನ್ನೂ ಬಹುತೇಕ ಪೂರ್ತಿ ಎಣಿಸುವ ಮಾಪನ) ಎರಡರಲ್ಲೂ ಅಳೆಯಿರಿ, ಸಾಧ್ಯವಾದರೆ ಆವರ್ತನವಾರು ನಕ್ಷೆಯನ್ನೂ ತೆಗೆಸಿರಿ. ಎ ತೂಕವು 63 ಹರ್ಟ್ಸಿನಲ್ಲಿ 26 ಡೆಸಿಬಲ್ ಕಳೆದುಬಿಡುವುದರಿಂದ ಎದೆಗೆ ತಟ್ಟುವ ಗುಂಯ್‌ಗುಡುವಿಕೆ ಅದರಲ್ಲಿ ಅಡಗಿಹೋಗುತ್ತದೆ.

ಎರಡನೇ ಉತ್ತರ

ಜನರೇಟರುಗಳ ದುರಸ್ತಿಯಲ್ಲೇ ಬಹುಕಾಲ ಕಳೆದವನಾಗಿ ಒಂದು ಎಚ್ಚರಿಕೆ: ಸದ್ದಿನ ಮೇಲಿನ ಸಿಟ್ಟಿನಲ್ಲಿ ಯಂತ್ರದ ಉಸಿರು ಕಟ್ಟಿಸಬೇಡಿ. ಗಾಳಿಯ ಕಿಂಡಿಯನ್ನು ಅರ್ಧ ಮುಚ್ಚಿ, ಬೇಸಿಗೆಯ ಮಧ್ಯಾಹ್ನ ಯಂತ್ರ ಬಿಸಿಯಾಗಿ ತಾನೇ ನಿಂತುಹೋದದ್ದನ್ನು ಕಂಡಿದ್ದೇನೆ. ಕಿಂಡಿಗೆ ಬೇಕಾದದ್ದು ಮುಚ್ಚಳವಲ್ಲ. ಶಬ್ದ ಹೀರುವ ಹಲಗೆಗಳನ್ನು ಸಾಲಾಗಿ ನಿಲ್ಲಿಸಿದ ಗಾಳಿ ಸೈಲೆನ್ಸರ್. ಅದರಿಂದ ಉಂಟಾಗುವ ಒತ್ತಡದ ನಷ್ಟವನ್ನು ರೇಡಿಯೇಟರ್ ಫ್ಯಾನ್ ತಡೆದುಕೊಳ್ಳಬೇಕು. ಹಲವು ಯಂತ್ರಗಳಲ್ಲಿ ಆ ಮಿತಿ 125 ಪ್ಯಾಸ್ಕಲ್ ಆಸುಪಾಸಿನಲ್ಲಿರುತ್ತದೆ. ಸ್ಥಳವಿದ್ದರೆ ರೇಡಿಯೇಟರನ್ನೇ ಬೇರೆಡೆಗೆ ಸಾಗಿಸಿ, ನಿಧಾನವಾಗಿ ತಿರುಗುವ ದೊಡ್ಡ ಫ್ಯಾನುಗಳನ್ನು ಅಳವಡಿಸಬಹುದು. ಫ್ಯಾನಿನ ವೇಗವನ್ನು ಐದನೇ ಒಂದು ಪಾಲು ತಗ್ಗಿಸಿದರೆ ಸದ್ದು 5 ಡೆಸಿಬಲ್ಲಿನಷ್ಟು ಇಳಿಯುತ್ತದೆ.

ಹೊಗೆ ಸೈಲೆನ್ಸರಿನಲ್ಲಿ ಕೇವಲ ಉಣ್ಣೆ ತುಂಬಿದ ಬಗೆ ಕೀಚು ಸದ್ದನ್ನು ಹೀರುತ್ತದೆ, ಗುಡುಗನ್ನು ಬಿಟ್ಟುಬಿಡುತ್ತದೆ. ಒಳಗೆ ಕೋಣೆಗಳಿದ್ದು ತರಂಗವನ್ನು ಹಿಂದಕ್ಕೆ ತಳ್ಳುವ ಬಗೆಯೂ ಜೊತೆಗೂಡಬೇಕು. ಹಿಮ್ಮುಖ ಒತ್ತಡ, ಅಂದರೆ ಹೊಗೆ ಹೊರಹೋಗಲು ಎಂಜಿನ್ನಿಗೆ ಎದುರಾಗುವ ತಡೆ, ತಯಾರಕರು ಹೇಳಿದ ಮಿತಿಯನ್ನು ಮೀರಬಾರದು. ಅದು ಸಾಮಾನ್ಯವಾಗಿ 5ರಿಂದ 10 ಕಿಲೋಪ್ಯಾಸ್ಕಲ್ ನಡುವೆ ಇರುತ್ತದೆ. ಕೊಳವೆಯನ್ನು ಚಾವಣಿಗೆ ಬಿಗಿಯಾಗಿ ತೂಗುಹಾಕಿದ್ದರೆ ಅದನ್ನೂ ನೋಡಿ, ಏಕೆಂದರೆ ಆಗ ಇಡೀ ಚಾವಣಿಯೇ ನಗಾರಿಯಾಗುತ್ತದೆ. ಸ್ಪ್ರಿಂಗ್ ತೂಗುಗಳು, ಬೆಲ್ಲೋಸ್ (ಕಂಪನ ದಾಟದಂತೆ ಕೊಳವೆಯ ನಡುವೆ ಹಾಕುವ ಬಾಗುವ ಲೋಹದ ತುಂಡು) ಎರಡೂ ಬೇಕು.

ಮೂರನೇ ಉತ್ತರ

ನಾನು ಇಂಥದೇ ಯಂತ್ರಕೋಣೆಯ ಎದುರು ವಾಸಿಸುವವನು. ವಾರದ ಪರೀಕ್ಷಾ ಓಟವನ್ನು ಬೆಳಗಿನ ಜಾವದಿಂದ ಹಗಲು ಹನ್ನೊಂದಕ್ಕೆ ಬದಲಾಯಿಸಿ, ಮುಂಚಿತವಾಗಿ ತಿಳಿಸತೊಡಗಿದ ಮೇಲೆ ನಮ್ಮ ಅರ್ಧ ಕೋಪ ತಣ್ಣಗಾಯಿತು. ಇದಕ್ಕೆ ಖರ್ಚೇನೂ ಇಲ್ಲ. ಇನ್ನೊಂದು ಮಾತು: ಕಿಟಕಿ ಮುಚ್ಚಿದರೆ ಫ್ಯಾನಿನ ಸದ್ದು ಹೋಗುತ್ತದೆ, ಆದರೆ ಗುಂಯ್ ಎನ್ನುವುದು ಇನ್ನಷ್ಟು ಎದ್ದು ಕೇಳಿಸುತ್ತದೆ. ಅಳೆಯುವವರು ಮಲಗುವ ಕೋಣೆಯ ಒಳಗೂ ಒಮ್ಮೆ ಅಳೆಯಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಅದೇ ಕಿಟಕಿಯಲ್ಲಿ ಎ ತೂಕದಲ್ಲಿ 67, ಸಿ ತೂಕದಲ್ಲಿ 85 ಬಂದಿತು. ನಕ್ಷೆಯಲ್ಲಿ 75 ಹರ್ಟ್ಸಿನ ಬಳಿ ಎತ್ತರದ ಕೋಡೊಂದು ಸ್ಪಷ್ಟವಾಗಿ ಕಾಣಿಸುತ್ತಿದೆ. ಸೈಲೆನ್ಸರ್ ಬಿಚ್ಚಿ ನೋಡಿದಾಗ ಒಳಗಿನ ತಡೆಹಲಗೆಯೊಂದು ತುಕ್ಕು ಹಿಡಿದು ಕಳಚಿಬಿದ್ದಿತ್ತು. ಗೋಡೆಯ ಪ್ರಸ್ತಾವವನ್ನು ತಡೆಹಿಡಿಸಿದ್ದೇನೆ, ಪರೀಕ್ಷಾ ಓಟವನ್ನು ಹಗಲಿಗೆ ಬದಲಿಸಿದ್ದೇನೆ. ಹೊಸ ಸೈಲೆನ್ಸರ್ ಕೊಳ್ಳುವಾಗ ಎರಡೂ ಯಂತ್ರಗಳ ಹೊಗೆಯನ್ನು ಒಂದೇ ದೊಡ್ಡ ಸೈಲೆನ್ಸರಿಗೆ ಸೇರಿಸಬಹುದೇ? ಖರ್ಚು ಉಳಿಯುತ್ತದೆ.

ಎರಡನೇ ಉತ್ತರದವರಿಂದ

ದಯವಿಟ್ಟು ಬೇಡ. ಒಂದೇ ಎಂಜಿನ್ನಿನ ಎರಡು ಸಾಲುಗಳನ್ನು, ಹಿಮ್ಮುಖ ಒತ್ತಡ ಲೆಕ್ಕಹಾಕಿ, ಎರಡು ಬಾಯಿಯ ಒಂದು ಸೈಲೆನ್ಸರಿಗೆ ಕೂಡಿಸಬಹುದು. ಎರಡು ಎಂಜಿನ್ನುಗಳನ್ನು ಕೂಡಿಸಿದರೆ, ಓಡುತ್ತಿರುವುದರ ಮಸಿ ಮತ್ತು ತೇವ ನಿಂತಿರುವುದರೊಳಗೆ ನುಗ್ಗಿ, ಬೇಕಾದ ದಿನ ಅದು ಶುರುವಾಗದೆ ಹೋಗಬಹುದು. ಒಂದೊಂದಕ್ಕೂ ಬೇರೆ ಸೈಲೆನ್ಸರ್, ಬೇರೆ ಕೊಳವೆ ಇರಲಿ, ಬಾಯಿ ಮೇಲ್ಮುಖವಾಗಿರಲಿ.